ಮೇಲೊಂದು ನೂಲು

ಆಸ್ಪತ್ರೆಯ ಟೇಪು ಸವೆದಿತ್ತು.
ಡಾಕ್ಟರ್ ಬಾಪಟ ಮೇಡಮ್ಮು ಹೊಕ್ಕುಳ ಮೇಲಿಂದ ಅದನ್ನು ಸುತ್ತಿ
ನೂರಾ ಏಳು ಸೆಂಟಿಮೀಟರ್ ಅಂದರು.
ಇಲ್ಲ ಮೇಡಮ್, ಅಂದೆ,
ಎಳೆದೂ ಎಳೆದೂ ಹಿಗ್ಗಿದೆ ನಿಮ್ಮ ಟೇಪು,
ಅರ್ಧ ಇಂಚು ನನ್ನ ಪರವಾಗಿ ಸುಳ್ಳು ಹೇಳುತ್ತದೆ.
ಜೇಬಿನಿಂದ ನನ್ನದನ್ನು ತೆಗೆದು ಕೊಟ್ಟೆ.
ನಲವತ್ತೆರಡೂವರೆ ಇಂಚು. ಮೇಲೊಂದು ನೂಲು.

ಪುಣೆಯ ಭವಾನಿ ಪೇಟೆಯಲ್ಲಿ ಇಪ್ಪತ್ತಾರು ವರ್ಷ
ಪರರ ಸೊಂಟ ಅಳೆದವನು ನಾನು, ಗಂಗಾಧರ ಪಿಸೆ,
ಬೆಟಗೇರಿಯ ಶಿಂಪಿಗರ ಓಣಿಯವನು.
ಯಾರ ಅಂಕಿಯನ್ನೂ ಕೂಗಿ ಹೇಳಿದವನಲ್ಲ.
ಹೊಟ್ಟೆ ಬಂದವರದನ್ನು ಸುಮ್ಮನೆ ಪುಸ್ತಕದಲ್ಲಿ ಬರೆದು
ಹೊಲಿಗೆಯ ಒಳಗೆ ಎರಡಿಂಚು ಬಟ್ಟೆ ಬಿಡುತ್ತಿದ್ದೆ.
ನನ್ನ ಪ್ಯಾಂಟಿನೊಳಗೆ ಬಿಟ್ಟಿದ್ದು
ಒಂದೇ ವರ್ಷದಲ್ಲಿ ಮುಗಿಯಿತು.

ರಾತ್ರಿ ಒಂಬತ್ತಕ್ಕೆ ಹಳದಿ ಗುಳಿಗೆ.
ಹತ್ತೂವರೆಗೆ ಹಸಿವು.
ಮೊಣಕೈಗೂ ಹಸಿವು, ಹಲ್ಲಿನ ಬುಡಕ್ಕೂ ಹಸಿವು.
ದೀಪ ಹಾಕದೆ ಫ್ರಿಜ್ಜಿನ ಬೆಳಕಲ್ಲಿ
ನಿಂತೇ ತಿಂದಿದ್ದೇನೆ ತಣ್ಣನೆಯ ಅನ್ನ, ಬೆಲ್ಲದ ಅಚ್ಚು,
ಮಗಳು ಕಾಲೇಜಿಗೆ ಒಯ್ಯಲೆಂದು ಕರಿದಿಟ್ಟ ಶಂಕರಪೋಳಿ,
ತಳದ ಪುಡಿಯ ಸಮೇತ.
ಬೆಳಿಗ್ಗೆ ಡಬ್ಬಿ ಅಲ್ಲಾಡಿಸಿ ನೋಡಿ ಅವಳು ಏನೂ ಅನ್ನಲಿಲ್ಲ.
ಅಂದಿದ್ದರೆ ಚೆನ್ನಾಗಿತ್ತು.

ಒಮ್ಮೆ ಬಿಟ್ಟೆ. ಗುಳಿಗೆಯನ್ನು. ಹನ್ನೊಂದು ದಿನ.
ಹೊಟ್ಟೆ ಇಳಿಯಲಿ ಎಂದು, ಯಾರಿಗೂ ಹೇಳದೆ.
ಹನ್ನೆರಡನೆಯ ದಿನ ಹೊಲಿಗೆ ಯಂತ್ರ
ನನ್ನ ಹೆಸರು ಹಿಡಿದು ಕರೆಯಿತು.
ಡಬ್ಬದಲ್ಲಿದ್ದ ಗುಂಡಿಗಳೆಲ್ಲ ಕಣ್ಣು ಬಿಟ್ಟವು.
ರುಕ್ಮಾ ಕತ್ತರಿಗಳನ್ನು ಗೋಣಿಯಲ್ಲಿ ಸುತ್ತಿ ಅಟ್ಟಕ್ಕೆಸೆದು
ರಿಕ್ಷಾ ಕರೆದಳು.
ಹೊಟ್ಟೆ? ಅದು ಹಾಗೇ ಇತ್ತು.

ಮೇಡಮ್ಮು ಬೈಯಲಿಲ್ಲ. ಚೀಟಿ ಬರೆದರು:
ನನ್ನ ಕೇಳದೆ ಗುಳಿಗೆ ಬಿಡಬಾರದು.
ಊಟ ಎಂಟಕ್ಕೇ, ಸೊಪ್ಪು ಬೇಳೆ ಹೆಚ್ಚು, ಅನ್ನ ಅರ್ಧ.
ಚಹಾಕ್ಕೆ ಸಕ್ಕರೆ ಬೇಡ. ದಿನಾ ನಡೆಯಬೇಕು.
ಮೂರು ತಿಂಗಳಿಗೊಮ್ಮೆ ರಕ್ತ.

ಗಿರಾಕಿಗಳ ಜೊತೆ ದಿನಕ್ಕೆ ಏಳು ಚಹಾ ನನ್ನದು.
ಸಕ್ಕರೆ ಬಿಟ್ಟ ಮೊದಲ ವಾರ
ನೆನೆದ ರದ್ದಿ ಕುಡಿದ ಹಾಗಿತ್ತು.
ಎರಡನೆಯ ವಾರವೂ.

ಪರ್ವತಿ ಗುಡ್ಡಕ್ಕೆ ಹೋದ ಮೊದಲ ದಿನ
ಮೂವತ್ತನೆಯ ಮೆಟ್ಟಿಲಲ್ಲಿ ಕೂತುಬಿಟ್ಟೆ.
ಗುಳಿಗೆಯ ಮಂಪರು ಕಾಲಿಗೆ ಸೀಸ ಕಟ್ಟಿತ್ತು.
ಒಂಬತ್ತು ಗಜದ ಸೀರೆ ಕಚ್ಚೆ ಹಾಕಿ
ಕ್ಯಾನ್ವಾಸ್ ಬೂಟು ತೊಟ್ಟ ಅಜ್ಜಿಯೊಬ್ಬಳು
ನನ್ನ ದಾಟಿ ಹೋದವಳು ತಿರುಗಿ ಕೇಳಿದಳು, ಹಾರ್ಟಾ?
ಇಲ್ಲ ಆಜೀ, ತಲೆ, ಅಂದೆ. ಹೇಗೋ ಬಾಯಿಂದ ಬಂದುಹೋಯಿತು.
ಆಕೆ ನನ್ನ ತಲೆಯನ್ನೊಮ್ಮೆ, ಹೊಟ್ಟೆಯನ್ನೊಮ್ಮೆ ನೋಡಿ,
ಹಾಗಾದರೆ ನಿಧಾನ ಹತ್ತು,
ಕಾಲು ಮುಟ್ಟಿದ ಕಡೆ ತಲೆಯೂ ಬರಲೇಬೇಕಲ್ಲ,
ಅಂದು ಮೇಲೆ ಹೋದಳು.
ಕಚ್ಚೆಯ ನಿರಿಗೆ ಒಂದೂ ಕದಲಿರಲಿಲ್ಲ.

ಹತ್ತೂವರೆಯ ಹಸಿವು ಈಗಲೂ ಬರುತ್ತದೆ, ಹೊತ್ತು ತಪ್ಪದ ಗಿರಾಕಿ.
ರುಕ್ಮಾ ಸೌತೆಕಾಯಿ ಹೆಚ್ಚಿಟ್ಟಿರುತ್ತಾಳೆ, ಒಂದು ಹಿಡಿ ಪುಟಾಣಿ.
ಒಂದೊಂದೇ ಅಗಿಯುತ್ತೇನೆ, ಕತ್ತಲಲ್ಲಿ ಗುಂಡಿ ಎಣಿಸಿದ ಹಾಗೆ.
ಕೆಲವು ರಾತ್ರಿ ಅಷ್ಟಕ್ಕೇ ನಿದ್ದೆ.
ಕೆಲವು ರಾತ್ರಿ ಫ್ರಿಜ್ಜು ಗೆಲ್ಲುತ್ತದೆ.

ಈ ತಿಂಗಳು ನಲವತ್ತೊಂದು. ಮೇಲೊಂದು ನೂಲು.
ರಕ್ತದ ಕಾಗದದಲ್ಲಿ ಸಕ್ಕರೆ ಇನ್ನೂ ಅಂಚಿನಲ್ಲೇ ಇದೆ.
ಮೇಡಮ್ಮು ತಮ್ಮ ಟೇಪು ಹೊರಗೆ ತೆಗೆಯುವುದಿಲ್ಲ,
ನನ್ನದಕ್ಕೇ ಕೈ ಚಾಚುತ್ತಾರೆ.
ಹೊಸ ಪ್ಯಾಂಟು ಕತ್ತರಿಸುವಾಗ ರುಕ್ಮಾ ಕೇಳಿದಳು,
ಇಳೀಲಿಕ್ಕೆ ಹತ್ತೀರಿ, ಮತ್ತ ಯಾಕ್ರೀ ಒಳಗ ಎರಡಿಂಚು?
ನನಗೆ ಉತ್ತರ ಹೊಳೆಯಲಿಲ್ಲ, ಬಾಯಲ್ಲಿ ಸೂಜಿಯಿತ್ತು.

ನಿನ್ನೆ ಮಗಳು ಮತ್ತೆ ಶಂಕರಪೋಳಿ ಕರಿದಳು.
ನನ್ನ ನೀಲಿ ಸೀಮೆಸುಣ್ಣದಿಂದ ಡಬ್ಬಿಯ ಮೇಲೊಂದು ಗೆರೆ,
ಪಕ್ಕದಲ್ಲಿ ಬರೆದಿದ್ದಾಳೆ, ಇಲ್ಲೀತನಕ ಅಪ್ಪಂದು.
ಗೆರೆ ಸೊಟ್ಟಗಿದೆ.
ನಾನು ತಿದ್ದಲಿಲ್ಲ.